ಹಸು ಬೇಡವೆಂದ ನೆಲ

ನಮ್ಮ ಮನೆಯ ಪ್ಯಾಸೇಜಿನ ನೆಲಕ್ಕೆ ಮೊಟ್ಟಮೊದಲು ತಕರಾರು ತೆಗೆದದ್ದು ಒಂದು ಹಸು. ಹನ್ನೊಂದು ವರ್ಷದ ಹಿಂದೆ, ಶಿವಮೊಗ್ಗದ ವಿನೋಬನಗರದ ಈ ಮನೆಯ ಗೃಹಪ್ರವೇಶದ ದಿನ. ಹೊಸ ಮನೆಗೆ ಯಜಮಾನ ಯಜಮಾನತಿಗಿಂತ ಮೊದಲು ಹಸು ಕಾಲಿಡಬೇಕು ಅನ್ನೋದು ನಮ್ಮ ಕಡೆ ಎಲ್ಲರೂ ನಡೆಸಿಕೊಂಡು ಬಂದ ಶಾಸ್ತ್ರ. ಹಿಂದಿನ ಬೀದಿಯ ಹಾಲಿನವರ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ, ಕೊಂಬಿಗೆ ಹೂ ಸುತ್ತಿ ಕರೆತಂದಿದ್ದೆವು. ಪಾಪ, ಅದು ಹೊಸ್ತಿಲು ದಾಟಿ ಒಂದು ಮುಂಗಾಲು ಇಟ್ಟಿತು. ಇಟ್ಟ ಕಾಲು ಹಾಗೇ ಮುಂದಕ್ಕೆ ಜಾರಿತು. ಕಾಲು ಹಿಂದಕ್ಕೆ ಎಳೆದುಕೊಂಡು, ತಲೆ ತಗ್ಗಿಸಿ, ನೆಲದೊಳಗೆ ಕಾಣುತ್ತಿದ್ದ ಇನ್ನೊಂದು ಹಸುವನ್ನು ನೋಡಿ ಬುಸ್ ಅಂದಿತು. ಆಮೇಲೆ ಪುರೋಹಿತರು ದನಿ ಏರಿಸಿ ಮಂತ್ರ ಹೇಳಿದರೂ, ಹಾಲಿನವರು ಬಾಲ ತಿರುಚಿದರೂ, ಯಾರೋ ಬಾಳೆಹಣ್ಣಿನ ಚಿಪ್ಪನ್ನೇ ಮುಂದೆ ಹಿಡಿದರೂ ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಕೊನೆಗೆ ಅಡುಗೆಯವರು ತರಕಾರಿ ತಂದಿದ್ದ ಗೋಣಿಚೀಲಗಳನ್ನ ಕೊಡವಿ ಉದ್ದಕ್ಕೂ ಹಾಸಿದ ಮೇಲೆ ಒಳಗೆ ಬಂತು, ಅಡುಗೆಮನೆ ಬಾಗಿಲಲ್ಲಿ ಸಗಣಿ ಹಾಕಿತು. ಶುಭ ಅಂತ ಎಲ್ಲರೂ ಸಂತೋಷಪಟ್ಟರು. ಸಗಣಿ ಹಾಕಿದ್ದನ್ನ ಮಾತ್ರ ಲೆಕ್ಕಕ್ಕೆ ತಗೊಂಡೆವು, ಬರಲ್ಲ ಅಂದಿದ್ದನ್ನ ಬಿಟ್ಟುಬಿಟ್ಟೆವು.

ಆ ನೆಲ ಆರಿಸಿದ್ದು ನಮ್ಮ ಯಜಮಾನರು. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡ್ತಾರೆ. ಘರ್ಷಣೆ ಇಲ್ಲದಿದ್ದರೆ ಮನುಷ್ಯ ಒಂದು ಹೆಜ್ಜೆ ನಡೆಯೋಕೂ ಆಗಲ್ಲ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಮಕ್ಕಳಿಗೆ ವಿವರಿಸ್ತಾರೆ. ಅದೇ ಮನುಷ್ಯ ಸ್ವಂತ ಮನೆಗೆ ಟೈಲ್ಸ್ ಆರಿಸುವಾಗ ಅಂಗಡಿಯಲ್ಲಿ ಬಗ್ಗಿ, ಟೈಲ್ಸಿನಲ್ಲಿ ತಮ್ಮ ಮುಖ ನೋಡಿಕೊಂಡು, ಕ್ರಾಪು ಸರಿ ಮಾಡಿಕೊಂಡು, "ಇದೇ ಇರಲಿ" ಅಂದಿದ್ದರು. ನಾನು ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಲ್ಲಿನ ಕೆಂಪು ಗಾರೆ ನೆಲದ ಮೇಲೆ ಓಡಿ, ಬಿದ್ದು, ಮಲಗಿ, ಕುಂಟಾಬಿಲ್ಲೆ ಆಡಿ ದೊಡ್ಡವಳಾದವಳು. ನಮ್ಮ ಪ್ಯಾಸೇಜಿಗಾದ್ರೂ ಅಂಥದ್ದು ಹಾಕಿಸೋಣ ರೀ ಅಂದಿದ್ದೆ. "ಇಷ್ಟು ಖರ್ಚು ಮಾಡಿ ಮನೆ ಕಟ್ಟಿಸಿದ್ರೂ ನಿನ್ನ ಕ್ವಾರ್ಟರ್ಸ್ ಬುದ್ಧಿ ಬಿಡಲ್ಲವಲ್ಲ ಮಾರಾಯ್ತಿ" ಅಂದ್ರು. ಅಂಗಡಿಯವರ ಎದುರಿಗೇ ಅಂದ್ರು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಗೃಹಪ್ರವೇಶದ ದಿನವಾದ್ರೂ ಒಂದು ಮಾತು ಹೇಳ್ತಾರೇನೋ ಅಂತ ಕಾದೆ. ಇವರು ಊಟಕ್ಕೆ ಕೂತ ನೆಂಟರಿಗೆಲ್ಲ ಹಸುವಿನ ಗೊರಸಿನ ರಚನೆ ವಿವರಿಸ್ತಾ ಓಡಾಡಿದರು. ತಪ್ಪು ಗೊರಸಿನದ್ದಂತೆ.

ನಮ್ಮ ಪ್ಯಾಸೇಜು ಅಂದ್ರೆ ಮುಂಬಾಗಿಲಿನಿಂದ ಹಿತ್ತಲಿನ ಬಾಗಿಲಿಗೆ ನೆಟ್ಟಗೆ ಹೋಗೋ ಒಂದು ಓಣಿ. ಆ ಕಡೆ ದೇವರಮನೆ, ಈ ಕಡೆ ರೂಮುಗಳು, ತುದಿಯಲ್ಲಿ ಅಡುಗೆಮನೆ. ಮನೆಯಲ್ಲಿ ಯಾರು ಎಲ್ಲಿಗೆ ಹೋಗಬೇಕಾದ್ರೂ ಅದನ್ನೇ ತುಳಿಯಬೇಕು.

ಗೃಹಪ್ರವೇಶ ಆಗಿ ತಿಂಗಳೂ ಕಳೆದಿರಲಿಲ್ಲ, ಚರಂಡಿ ಚಪ್ಪಡಿಯ ಕೆಳಗಿಂದ ಒಂದು ನಾಯಿಮರಿ ಬಂತು. ಬೀದಿ ನಾಯಿಯದೇ ಮರಿ, ಕಂದು ಬಣ್ಣ, ಒಂದು ಕಿವಿ ಮಾತ್ರ ನೆಟ್ಟಗೆ. ನಮ್ಮತ್ತೆ ಕಾನೂನು ಮಾಡಿದರು: ಹಿತ್ತಲಲ್ಲಿ ಇರಲಿ, ಒಳಗೆ ಕಾಲಿಡಕೂಡದು. ಆ ಕಾನೂನು ಮೊದಲ ಗುಡುಗಿನವರೆಗೆ ನಡೀತು. ಗುಡುಗಿದ ಮರುದಿನ ಬೆಳಿಗ್ಗೆ ನೋಡಿದ್ರೆ ಮರಿ ಅತ್ತೆಯ ಮಂಚದ ಕೆಳಗಿತ್ತು, ಅದರ ಮೇಲೆ ಅತ್ತೆಯ ಹಳೇ ಸೀರೆ ಹೊದಿಸಿತ್ತು. ಯಾರು ಹೊದಿಸಿದರು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.

ಆ ಮರಿಗೆ ಇವರ ಟೈಲ್ಸ್ ಬಹಳ ಇಷ್ಟ ಆಯ್ತು. ಇವರನ್ನ ಬಿಟ್ಟರೆ ಮನೆಯಲ್ಲಿ ಆ ಟೈಲ್ಸ್ ಮೆಚ್ಚಿದ ಜೀವ ಅದೊಂದೇ. ಸಂಜೆ ಬೀದಿಯ ತುದಿಯಲ್ಲಿ ಇವರ ಸ್ಕೂಟರಿನ ಸದ್ದು ಕೇಳಿದ್ರೆ ಸಾಕು, ಹಿತ್ತಲಿನಿಂದ ಓಡಿ ಬಂದು, ದೇವರಮನೆ ಹತ್ತಿರ ಬ್ರೇಕ್ ಹಾಕಿ, ಅಲ್ಲಿಂದ ಬಾಗಿಲವರೆಗೆ ಜಾರಿಕೊಂಡೇ ಹೋಗಿ ಚಪ್ಪಲಿ ಸ್ಟ್ಯಾಂಡಿಗೆ ಢಿಕ್ಕಿ ಹೊಡೆದು ನಿಲ್ಲೋಳು. ಹತ್ತು ವರ್ಷ ಒಂದು ದಿನ ತಪ್ಪಿಸಲಿಲ್ಲ. ಇವರು ಬ್ಯಾಗು ಕೆಳಗಿಡೋ ಮೊದಲೇ ಮೂಗು ತೂರಿಸಿ ಟಿಫನ್ ಬಾಕ್ಸು ಪರೀಕ್ಷೆ ಮಾಡೋಳು. "ಸಾಕು ಸಾಕು, ಹೋಗತ್ಲಾಗೆ" ಅಂತಿದ್ದರು. ಆದ್ರೆ ಟಿಫನ್ ಬಾಕ್ಸಿನಲ್ಲಿ ದಿನಾ ಅರ್ಧ ಚಪಾತಿ ಉಳಿದಿರೋದು. ಬಂದವರ ಹತ್ತಿರ ಮಾತ್ರ, "ನನಗೆ ನಾಯಿ ಬೆಕ್ಕು ಅಂದ್ರೆ ಅಷ್ಟಕ್ಕಷ್ಟೇ, ಎಲ್ಲ ಇವಳದ್ದು" ಅಂತ ನನ್ನ ಕಡೆ ಕೈ ತೋರಿಸೋರು. ಬೆಕ್ಕು ನಾಲ್ಕು ವರ್ಷದ ಹಿಂದೆ ಅಡುಗೆಮನೆ ಕಿಟಕಿಯಿಂದ ಬಂದು ಸೇರಿಕೊಂಡದ್ದು. ಅದಕ್ಕೆ ಯಾವ ನೆಲವೂ ಸಮಸ್ಯೆ ಅಲ್ಲ. ಗೋಡೆಯ ಅಂಚಿನಲ್ಲೇ ನಡೆದು ಹೋಗುತ್ತೆ, ನಮ್ಮ ಯಾರ ಕಷ್ಟವೂ ತನಗೆ ಸಂಬಂಧವಿಲ್ಲ ಅನ್ನೋ ಹಾಗೆ.

ಹೋದ ವರ್ಷದ ಮಳೆಗಾಲದಲ್ಲಿ ನಾಯಿಯ ಹಿಂಗಾಲು ಸೋಲೋಕೆ ಶುರುವಾಯ್ತು. ಒಂದು ಸಂಜೆ ಸ್ಕೂಟರಿನ ಸದ್ದಿಗೆ ಎದ್ದು ಬಂದವಳು ಪ್ಯಾಸೇಜಿನ ನಡುವೆ ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ ಹೊಟ್ಟೆ ಮೇಲೆ ಬಿದ್ದಳು. ಏಳೋಕೆ ಹೋದಷ್ಟೂ ಉಗುರು ಕರ್ ಕರ್ ಅಂತ ಜಾರುತ್ತಿತ್ತು. ನಾನೂ ಅತ್ತೆಯೂ ಸೇರಿ ಸೊಂಟಕ್ಕೆ ಟವೆಲ್ ಹಾಕಿ ಎತ್ತಿದೆವು. ಇವರು ಬಾಗಿಲಲ್ಲಿ ಬೂಟು ಕೂಡ ಬಿಚ್ಚದೆ ನಿಂತಿದ್ದರು. ನಾಯಿ ಬಿದ್ದಲ್ಲಿಂದಲೇ ಇವರ ಕಡೆ ನೋಡಿ ಬಾಲ ಆಡಿಸುತ್ತಿತ್ತು. ಇವರು ಮುಖ ತಿರುಗಿಸಿ, "ಅದಕ್ಕೂ ವಯಸ್ಸಾಯ್ತು" ಅಂದು ಕಾಲು ತೊಳೆಯೋಕೆ ಹೋದರು.

ಪಶುವೈದ್ಯರು ಸೊಂಟ ಒತ್ತಿ ನೋಡಿ ನೇರವಾಗಿ ಹೇಳಿದರು. "ಕೀಲು ಸವೆದಿದೆ. ಮಾತ್ರೆ ಕೊಡ್ತೀನಿ. ಆದ್ರೆ ಮಾತ್ರೆಗಿಂತ ಮುಖ್ಯ, ಜಾರಬಾರದು. ಹೀಗೇ ಕಾಲು ಅಗಲಿಸಿಕೊಂಡು ಇನ್ನೊಂದ್ಸಲ ಬಿದ್ದರೆ ಮತ್ತೆ ಎದ್ದು ನಿಲ್ತಾಳೆ ಅಂತ ನಾನು ಹೇಳಲ್ಲ. ಮನೆ ನೆಲ ಯಾವುದು?" ನಾನು ಇವರ ಮುಖ ನೋಡಿದೆ. ಇವರು ಗೋಡೆ ಮೇಲಿದ್ದ ಹಸುವಿನ ತಳಿಗಳ ಚಾರ್ಟನ್ನ ಬಹಳ ಆಸಕ್ತಿಯಿಂದ ಓದುತ್ತಿದ್ದರು.

ಬಾಗಿಲಿಗೆ ಬರಬೇಡ ಅಂತ ನಾಯಿಗೆ ಹೇಳೋದು ಹೇಗೆ? ಹಿತ್ತಲಲ್ಲಿ ಕಟ್ಟಿದ್ರೆ ಸ್ಕೂಟರಿನ ಸದ್ದಿಗೆ ಸರಪಳಿ ಸಮೇತ ಎಳೆದಾಡಿ ಕುತ್ತಿಗೆ ಗಾಯ ಮಾಡಿಕೊಂಡಳು. ಮನೆಯ ಪಕ್ಕದಿಂದ ಸುತ್ತಿ ಬರಲಿ ಅಂದ್ರೆ ಆ ಸಂದಿಯಲ್ಲಿ ಸಂಪು, ಮೋಟರು, ಗ್ಯಾಸ್ ಸಿಲಿಂಡರಿನ ಗೂಡು. ಸರಿ ಅಂತ ಪ್ಯಾಸೇಜಿಗೆ ಗೋಣಿಚೀಲ ಹಾಸಿದೆ. ಹಸುವಿನ ಭಾರಕ್ಕೆ ನಿಂತಿದ್ದ ಗೋಣಿಚೀಲ ನಾಯಿಯ ಕಾಲಿಗೆ ಜಾರುತ್ತೆ ಅಂತ ಗೊತ್ತಾಯ್ತು. ಯೋಗದ ಮ್ಯಾಟು ಹಾಸಿದೆ. ಬೆಕ್ಕು ಅದನ್ನ ಒಂದು ವಾರದಲ್ಲಿ ಕೆರೆದು ಚಿಂದಿ ಮಾಡಿತು. ಆನ್‌ಲೈನಿನಲ್ಲಿ ನಾಯಿಗೆ ಅಂತಲೇ ಮಾಡಿದ ರಬ್ಬರ್ ಚುಕ್ಕಿಯ ಕಾಲುಚೀಲ ತರಿಸಿದೆ. ತೊಡಿಸಿದ ಮೇಲೆ ನಾಯಿ ಒಂದೊಂದೇ ಕಾಲು ಎತ್ತಿ ಹಿಡಿದು, ನನಗೆ ಯಾಕೆ ಹೀಗೆ ಮಾಡಿದೆ ಅಂತ ಕೇಳೋ ಹಾಗೆ ನೋಡ್ತಾ ನಿಂತುಬಿಟ್ಟಳು. ಆ ಮುಖ ನೋಡೋಕಾಗದೆ ನಾನೇ ಬಿಚ್ಚಿದೆ. ಕೊನೆಗೆ ಸಾಲಾಗಿ ಕಾಲೊರೆಸು ಹಾಸಿದೆ, ಅದರ ಅಂಚಿಗೆ ಅತ್ತೆ ಎಡವಿ ದೇವರಮನೆಯ ಬಾಗಿಲು ಹಿಡಿದುಕೊಂಡು ಹೇಗೋ ಉಳಿದರು.

ಅವತ್ತು ಊಟದ ಹೊತ್ತಿಗೆ ನೇರವಾಗಿ ಕೇಳಿದೆ. "ಈ ನೆಲ ಕಿತ್ತು ಬೇರೆ ಹಾಕಿಸೋಣ ರೀ."

"ನಾಯಿಗೋಸ್ಕರ ಮನೆ ನೆಲ ಕೀಳಿಸಿದ್ರು ಅಂದ್ರೆ ಸ್ಟಾಫ್ ರೂಮಿನಲ್ಲಿ ವರ್ಷಗಟ್ಟಲೆ ನಗ್ತಾರೆ. ಒಂದು ಕೆಲಸ ಮಾಡು, ತ್ಯಾವರೆಕೊಪ್ಪದ ಸಫಾರಿಗೆ ಹೋಗಿ ಅಲ್ಲಿನ ಹುಲಿಗಳಿಗೆ ಏನು ಹಾಸಿದಾರೆ ನೋಡ್ಕೊಂಡು ಬಾ. ನಮ್ಮನೆಗೂ ಅದನ್ನೇ ಹಾಕಿಸೋಣ."

ನನಗೆ ತಟ್ಟೆ ಬಿಟ್ಟು ಏಳೋಣ ಅನ್ನಿಸಿತು. ಅಷ್ಟರಲ್ಲಿ ಅತ್ತೆ ಮಜ್ಜಿಗೆ ಕಲಸಿಕೊಳ್ತಾ ತಲೆ ಎತ್ತದೆ ಹೇಳಿದರು. "ನಂಗೋಸ್ಕರ ಅಂತ ಹೇಳು. ಅಮ್ಮನಿಗೆ ಮಂಡಿ ನೋವು, ಜಾರುತ್ತೆ, ಅದಕ್ಕೆ ಕೀಳಿಸ್ತಿದೀವಿ ಅಂತ ಹೇಳು. ಯಾರೂ ನಗಲ್ಲ. ಒಳ್ಳೇ ಮಗ ಅಂತಾರೆ." ಅತ್ತೆಗೆ ಮಂಡಿ ನೋವು ಇಲ್ಲ. ಎಂಬತ್ತು ದಾಟಿದರೂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರ್ತಾರೆ, ಕೈ ಊರದೆ ಏಳ್ತಾರೆ. ಆದ್ರೂ ಇವರಿಗೆ ಆ ಮಾತಿನಲ್ಲಿ ಒಂದು ದಾರಿ ಕಂಡಿತು. ತಾವು ಆರಿಸಿದ ಟೈಲ್ಸು ಸರಿಯಾಗೇ ಇತ್ತು, ಅಮ್ಮನ ಮಂಡಿ ಮಾತ್ರ ಸರಿ ಇಲ್ಲ. ಒಪ್ಪಿಕೊಂಡರು.

ಮುಂದಿನ ಭಾನುವಾರ ಮೂರು ಜನ ಟೈಲ್ಸ್ ಅಂಗಡಿಗೆ ಹೋದೆವು. ಅಂಗಡಿಯವರು ಕುರ್ಚಿ ಹಾಕಿ, ಟೀ ತರಿಸಿ, ಯಾರಿಗೆ ಏನು ಬೇಕು ಅಂತ ವಿಚಾರಿಸಿದರು. ಇವರು ಗಂಭೀರವಾಗಿ, "ನಮ್ಮ ತಾಯಿಯವರಿಗೆ. ಮಂಡಿ ನೋವು. ಜಾರಬಾರದು" ಅಂದ್ರು. ಅತ್ತೆ ಒಪ್ಪಿಕೊಂಡ ಪ್ರಕಾರ ಮಂಡಿ ಮೇಲೆ ಕೈ ಇಟ್ಟುಕೊಂಡು ಸಣ್ಣಗೆ ನರಳಿದರು. ಅಂಗಡಿಯವರು ಹೊಳಪಿಲ್ಲದ ಮ್ಯಾಟ್ ಟೈಲ್ಸು, ಮರದ ಗೆರೆಯ ಟೈಲ್ಸು, ಕಾರು ನಿಲ್ಲಿಸೋ ಜಾಗಕ್ಕೆ ಹಾಕೋ ಒರಟು ಟೈಲ್ಸು ಎಲ್ಲ ಸಾಲಾಗಿ ಇಟ್ಟರು.

"ಇದರ ಮೇಲೆ ಉಗುರಲ್ಲಿ ಕೆರೆದರೆ ಗೀರು ಬೀಳುತ್ತಾ?" ಇವರು ಕೇಳಿದರು.

ಅಂಗಡಿಯವರು ಒಮ್ಮೆ ಅತ್ತೆಯ ಕೈ ನೋಡಿದರು. "ಉಗುರಿಗೆಲ್ಲ ಬೀಳಲ್ಲ ಸಾರ್."

"ದಿನಾ ಕೆರೆದರೆ? ಓಡಿ ಬಂದು ಬ್ರೇಕ್ ಹಾಕಿದ ಹಾಗೆ?"

"ಯಾರು ಸಾರ್, ಓಡೋದು?"

"ಸುಮ್ನೆ ಕೇಳಿದೆ. ಮತ್ತೆ, ಯಾವಾಗಾದ್ರೂ ಅಲ್ಲೇ ಮೂತ್ರ ಆಗಿಬಿಟ್ರೆ, ಕಲೆ ಹಿಡಿಯುತ್ತಾ? ವಾಸನೆ ಉಳಿಯುತ್ತಾ?"

ಅಂಗಡಿಯವರು ದನಿ ತಗ್ಗಿಸಿದರು. "ವಯಸ್ಸಾದ ಮೇಲೆ ಸಹಜ ಸಾರ್. ಬೇಜಾರು ಮಾಡ್ಕೋಬೇಡಿ. ನಮ್ಮಜ್ಜಿಗೂ ಹಿಂಗೇ ಆಗಿತ್ತು." ಅತ್ತೆಯ ಕೈ ಮಂಡಿಯಿಂದ ನಿಧಾನವಾಗಿ ಮೇಲೆದ್ದಿತು. ನನಗೆ ನಗು ತಡೆಯೋಕಾಗದೆ ಸೆರಗು ಬಾಯಿಗೆ ಒತ್ತಿಕೊಂಡೆ. ಇವರಿಗೆ ಇದು ಯಾವುದೂ ಕಾಣಲಿಲ್ಲ. ಫಿಸಿಕ್ಸಿನವರು ಒಂದು ಪ್ರಶ್ನೆ ಹಿಡಿದ್ರೆ ಕೊನೆ ಮುಟ್ಟಿಸಲೇಬೇಕು. "ಇನ್ನೊಂದು. ಉದುರಿದ ಕೂದಲು ಎದ್ದು ಕಾಣಬಾರದು. ಕಂದು ಕೂದಲು."

ಅತ್ತೆಯ ತಲೆಯಲ್ಲಿ ಇರೋದೆಲ್ಲ ಬೆಳ್ಳಗಿನ ಕೂದಲು. ಅವರು ಎದ್ದು ನಿಂತರು, ಕೈ ಊರದೆ. "ನೋಡಪ್ಪಾ, ಅದು ನಾನಲ್ಲ. ಉಗುರಲ್ಲಿ ಕೆರೆಯೋದು, ಅಲ್ಲಲ್ಲೇ ಮಾಡ್ಕೊಳ್ಳೋದು, ಎಲ್ಲ ನಮ್ಮನೆ ನಾಯಿ. ನನ್ನ ಮಗನಿಗೆ ಹೇಳೋಕೆ ನಾಚಿಕೆ."

ಅಂಗಡಿಯವರಿಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ ಇನ್ನೊಂದು ಸುತ್ತು ಟೀ ತರಿಸಿದರು. "ಮೊದಲೇ ಹೇಳಬಾರದಾ ಸಾರ್. ನಮ್ಮನೇಲೂ ಎರಡಿದಾವೆ." ನಿಮ್ಮನೇಲಿ ಯಾವ ಟೈಲ್ಸ್ ಹಾಕಿದೀರಿ ಅಂತ ನಾನು ಕೇಳಿದೆ. ಅವರು ಟೀ ಆರಿಸಿಕೊಳ್ತಾ, "ನಮ್ದು ಹಳೇ ಮನೆ ಮೇಡಂ. ಸಿಮೆಂಟ್ ನೆಲ" ಅಂದ್ರು.

ಐದು ಟೈಲ್ಸಿನ ಸ್ಯಾಂಪಲ್ ಮನೆಗೆ ಬಂತು. ಇವರು ಕಾಲೇಜಿನ ಲ್ಯಾಬಿನಿಂದ ಸ್ಪ್ರಿಂಗ್ ತಕ್ಕಡಿ ತಂದು, ಒಂದು ಮರದ ತುಂಡಿಗೆ ತಮ್ಮ ಹಳೇ ಸಾಕ್ಸ್ ಸುತ್ತಿ, ಅದನ್ನ ನಾಯಿಯ ಪಾದ ಅಂತ ಘೋಷಿಸಿ, ಪ್ರತಿಯೊಂದರ ಮೇಲೂ ಎಳೆದು ನೋಡಿ ಬರೆದುಕೊಂಡರು. ನಿಜವಾದ ನಾಯಿ ಎರಡು ಮಾರು ದೂರದಲ್ಲಿ ಮಲಗಿ ನೋಡುತ್ತಿತ್ತು. ಕಾರು ನಿಲ್ಲಿಸೋ ಜಾಗದ ಟೈಲ್ಸಿಗೆ ಮೊದಲ ಸ್ಥಾನ ಬಂತು. ನಾನು ಅದನ್ನ ಒರೆಸಿ ನೋಡಿದೆ. ಒರೆಸೋ ಬಟ್ಟೆಯ ದಾರವೆಲ್ಲ ಅದಕ್ಕೇ ಅಂಟಿಕೊಂಡಿತು. ದಿನಾ ಬಗ್ಗಿ ಒರೆಸೋಳು ನಾನು, ನಿಮ್ಮ ತಕ್ಕಡಿ ಅಲ್ಲ ಅಂದೆ. ಮ್ಯಾಟ್ ಟೈಲ್ಸು ಒಣಗಿದ್ದಾಗ ಚೆನ್ನಾಗಿತ್ತು, ನೀರು ಬಿದ್ದ ತಕ್ಷಣ ತನ್ನ ನಿಜ ಗುಣ ತೋರಿಸಿತು. ಮರದ ಗೆರೆಯದ್ದರ ಮೇಲೆ ನಾಯಿಯನ್ನ ನಿಲ್ಲಿಸಿದರೆ ಅದರ ಕಾಲು ನಡುಗಿತು. ಎರಡು ವಾರ ಹೀಗೇ ಹೋಯ್ತು. ಅಷ್ಟರಲ್ಲಿ ಅವಳು ಮತ್ತೊಮ್ಮೆ ಜಾರಿದಳು. ಅರ್ಧ ಗಂಟೆ ಏಳಲಿಲ್ಲ. ಮುಗೀತು ಅಂತಲೇ ನಾನು ಅತ್ತುಬಿಟ್ಟೆ. ಆಮೇಲೆ ಹೇಗೋ ಎದ್ದಳು. ಅವತ್ತಿನಿಂದ ಸ್ಕೂಟರಿನ ಸದ್ದಿಗೆ ಪ್ಯಾಸೇಜಿನ ಹಿಂಬದಿಯ ತುದಿವರೆಗೆ ಮಾತ್ರ ಬಂದು, ಟೈಲ್ಸ್ ಶುರುವಾಗೋ ಜಾಗದಲ್ಲಿ ನಿಂತುಬಿಡೋಳು. ಅಲ್ಲಿಂದಲೇ ಬಾಲ ಆಡಿಸೋಳು. ಇವರು ಬಾಗಿಲಲ್ಲಿ, ಅವಳು ಹಿತ್ತಲ ಹತ್ತಿರ. ಟಿಫನ್ ಬಾಕ್ಸಿನ ಅರ್ಧ ಚಪಾತಿಯನ್ನ ಇವರೇ ಅಲ್ಲಿವರೆಗೆ ತಗೊಂಡು ಹೋಗಿ, ಇಟ್ಟು ಬರೋರು.

ಅಷ್ಟರಲ್ಲಿ ಒಂದು ಭಾನುವಾರ ಭದ್ರಾವತಿಗೆ ನನ್ನ ಅಮ್ಮನನ್ನ ನೋಡೋಕೆ ಹೋಗಬೇಕಿತ್ತು. ನಾಯಿಯನ್ನ ಬಿಟ್ಟು ಹೋಗೋಕೆ ಧೈರ್ಯ ಇಲ್ಲದೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋದೆವು. ಅಮ್ಮ ಇರೋದು ಅಣ್ಣ ಅತ್ತಿಗೆ ಜೊತೆ, ನಾನು ಹುಟ್ಟಿ ಬೆಳೆದ ಅದೇ ಕ್ವಾರ್ಟರ್ಸಿನಲ್ಲಿ. ಕಾರಿನ ಬಾಗಿಲು ತೆಗೆದದ್ದೇ ತಡ, ನಾಯಿ ಇಳಿದು, ಗೇಟು ದಾಟಿ, ಮುಂಬಾಗಿಲಿನಿಂದ ಒಳಗೆ ಹೋಗಿ, ನಡುಮನೆ ದಾಟಿ, ಅಡುಗೆಮನೆಯಲ್ಲಿ ಅಮ್ಮನ ಕಾಲ ಹತ್ತಿರ ಹೋಗಿ ಕೂತಿತು. ಒಂದು ಕಡೆಯೂ ಕಾಲು ಜಾರಲಿಲ್ಲ. ನಾನು ಗೇಟಿನಲ್ಲೇ ನಿಂತು ನೋಡಿದೆ. ಇವರೂ ನೋಡಿದರು.

ಒಳಗೆ ಹೋದ ಮೇಲೆ ಇವರು ನಡುಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಲ್ಲಿ ನೆಲ ಸವರಿ ನೋಡ್ತಿದ್ದರು. ಬಣ್ಣ ಮಾಸಿದ ಕೆಂಪು ನೆಲ, ಅಲ್ಲಲ್ಲಿ ಕೂದಲೆಳೆಯಷ್ಟು ಬಿರುಕು. ಅಮ್ಮ ಕಾಫಿ ತಂದು, "ಏನಾದ್ರೂ ಬಿದ್ದೋಯ್ತಾ?" ಅಂತ ಕೇಳಿದಳು.

"ಇಲ್ಲ, ಈ ನೆಲ ಯಾರು ಹಾಕಿದ್ದು ಅಂತ."

"ಕಾರ್ಖಾನೆಯೋರು ಹಾಕ್ಸಿದ್ದು. ಆದ್ರೆ ಹಾಕ್ದಾಗ ಹಿಂಗಿರ್ಲಿಲ್ಲ, ಜಾರೋದು. ನಾವು ಓಡಾಡೀ ಓಡಾಡೀ ಹಿಂಗಾಗಿದೆ. ನಿಮ್ಮ ಹೆಂಡ್ತಿನೇ ಅರ್ಧ ಸವೆಸಿದಾಳೆ."

ಅಂದ್ರೆ ನಮಗೆ ಬೇಕಾದ ನೆಲ ಯಾವ ಅಂಗಡಿಯಲ್ಲೂ ಸಿಗೋದಲ್ಲ. ಐವತ್ತು ವರ್ಷ ಒಂದು ಸಂಸಾರ ತುಳಿದ ಮೇಲೆ ಸಿಗುತ್ತೆ. ನಾಯಿಗೆ ಅಷ್ಟು ಟೈಮು ಇರಲಿಲ್ಲ. ಅಣ್ಣ ಎರಡು ಮನೆ ಆಚೆಗಿದ್ದ ಮೇಸ್ತ್ರಿಯನ್ನ ಕರೆಸಿದ. ಮನೆಯಲ್ಲಿ ತಮಿಳು ಆಡೋ ವಯಸ್ಸಾದ ಮನುಷ್ಯ, ನ್ಯೂ ಟೌನಿನ ಅರ್ಧ ಮನೆಗಳ ರಿಪೇರಿ ಮಾಡಿದವರು. ಎಲ್ಲ ಕೇಳಿಸಿಕೊಂಡು ಹೇಳಿದರು. "ಗಾರೆ ಬೇಡಮ್ಮಾ, ಈಗ ಹಾಕೋರೂ ಇಲ್ಲ, ಹಾಕಿದ್ರೂ ಬಿರುಕು ಬಿಡುತ್ತೆ. ಗ್ರಾನೈಟೇ ಹಾಕಿ, ಬೂದು ಬಣ್ಣದ್ದು. ಉಗುರು, ಉಚ್ಚೆ ಯಾವುದಕ್ಕೂ ಜಗ್ಗಲ್ಲ. ಆದ್ರೆ ಹೊಳಪು ಕೊಡದೇ ಇರೋದು ತಗೊಳ್ಳಿ, ಲೆದರ್ ಫಿನಿಶ್ ಅಂತ ಕೇಳಿ. ಕಲ್ಲು ಹಾಕಿದ ಮೇಲೆ ಪಾಲಿಶ್ ಅಂತ ಬಾಯಿ ತೆಗೀಬೇಡಿ. ಶಿವಮೊಗ್ಗದೋರೆಲ್ಲ ಮೊದಲು ಒರಟು ಬೇಕು ಅಂತಾರೆ, ಕೊನೇ ದಿನ ಒಂದು ರೌಂಡ್ ಪಾಲಿಶ್ ಹೊಡೆಸ್ತಾರೆ. ಆಮೇಲೆ ಬಿದ್ದು ನನ್ನನ್ನ ಬೈತಾರೆ." ಹಾಗೆ ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಇವರು ಕಾಫಿ ಲೋಟದ ಹಿಂದೆ ಮುಖ ಮರೆಸಿಕೊಂಡರು.

ನಾಯಿಯನ್ನ ಅಮ್ಮನ ಹತ್ತಿರ ಬಿಟ್ಟು ಬಂದು ಕೆಲಸ ಶುರು ಮಾಡಿಸಿದೆವು. ಇವರ ಟೈಲ್ಸ್ ಸುಲಭಕ್ಕೆ ಏಳಲಿಲ್ಲ. ಭೂಕಂಪ ಆದ್ರೂ ಅಲ್ಲಾಡಲ್ಲ ಅಂತ ಗೃಹಪ್ರವೇಶದಲ್ಲಿ ಇವರು ಹೇಳಿದ ಮಾತು ಅದೊಂದು ನಿಜವಾಯ್ತು. ಮೂರು ದಿನ ಮೆಷಿನ್ ಹಾಕಿ ಒಡೆದರು. ದೇವರ ಪಟದ ಮೇಲೂ ಅನ್ನದ ಮೇಲೂ ಧೂಳು. ಅಕ್ಕಪಕ್ಕದವರು ಬಂದು, ಕನ್ನಡಿ ಹಾಗಿದ್ದ ನೆಲ ಯಾಕೆ ಕೀಳಿಸ್ತೀರಿ ಅಂತ ಕೇಳಿದರೆ ಇವರು, "ಅಮ್ಮನಿಗೆ ಮಂಡಿ ನೋವು" ಅನ್ನೋರು. ಅತ್ತೆ ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ಒಡೆದ ಚೂರುಗಳ ರಾಶಿ ದಾಟಿ ಹೂ ಕೀಳೋಕೆ ಹೊರಟಿರೋರು. ಸಂಜೆಗೆ ಇವರು ಭದ್ರಾವತಿಗೆ ಫೋನ್ ಮಾಡೋರು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನನ್ನ ಅಮ್ಮನಿಗೆ ಇವರು ತಾವಾಗಿ ಫೋನ್ ಮಾಡಿದ್ದು ಕೈ ಬೆರಳಲ್ಲಿ ಎಣಿಸಬಹುದು. ಈಗ ದಿನಾ ಮಾಡಿ ಹವಾಮಾನ ವಿಚಾರಿಸೋರು. ಅಮ್ಮ ಜಾಣೆ, ಮಳೆ ಬಿಸಿಲಿನ ವಿಷಯ ಮುಗಿಸಿ, "ತಿಂದ್ಲು, ಮಲಗಿದಾಳೆ" ಅಂತ ಸೇರಿಸೋಳು.

ಕಲ್ಲು ಕೂತಿತು. ಬೂದು ಬಣ್ಣ, ಕೈಯಿಟ್ಟರೆ ಸಣ್ಣಗೆ ತರಿತರಿ, ಒರೆಸೋಕೂ ಅಡ್ಡಿಯಿಲ್ಲ. ಕೊನೇ ದಿನ ಕೆಲಸದವರು ಸಾಮಾನು ಕಟ್ಟುವಾಗ ಇವರು ಅವರ ಹತ್ತಿರ ಹೋಗಿ ಏನೋ ಪಿಸುಗುಟ್ಟಿದ್ದು ಕಂಡೆ. ಅತ್ತೆ ದೇವರಮನೆಯಿಂದಲೇ ಕೇಳಿದರು: "ಪಾಲಿಶ್ ವಿಷಯನಾ?" ಇವರು, "ಇಲ್ಲಮ್ಮ, ಸುಮ್ನೆ ಕೇಳ್ತಿದ್ದೆ" ಅಂದು ವಾಪಸ್ ಬಂದರು.

ನಾಯಿ ಮನೆಗೆ ಬಂದ ದಿನ ನಾವೆಲ್ಲ ಪರೀಕ್ಷೆ ಫಲಿತಾಂಶ ನೋಡೋರ ಹಾಗೆ ಕಾದು ನಿಂತೆವು. ಹಿತ್ತಲಿನ ಕಡೆಯಿಂದ ಒಳಗೆ ಬಂದಳು. ಪ್ಯಾಸೇಜಿನ ತುದಿಗೆ ಬಂದಳು. ಟೈಲ್ಸ್ ಶುರುವಾಗುತ್ತಿದ್ದ ಅದೇ ಜಾಗದಲ್ಲಿ ನಿಂತಳು. ಅಷ್ಟೇ. ಮೂಗು ಮುಂದೆ ಚಾಚಿ ಕಲ್ಲು ಮೂಸಿ ನೋಡಿ, ಹಿಂದೆ ಸರಿದು ಮಲಗಿಬಿಟ್ಟಳು. ನಾನು ಕರೆದೆ. ಅತ್ತೆ ತುಪ್ಪದ ಅನ್ನ ತೋರಿಸಿ ಕರೆದರು. ಬೆಕ್ಕು ಅವಳ ಎದುರಿಗೇ ಆ ಕಲ್ಲಿನ ಮೇಲೆ ಮೈ ಚಾಚಿ ಹೊರಳಾಡಿತು. ಬರಲಿಲ್ಲ. ನೆಲ ಬದಲಾದ ಸುದ್ದಿ ಅವಳಿಗೆ ಯಾರು ಹೇಳಬೇಕು? ಆ ಓಣಿ ಅಂದ್ರೆ ಬೀಳೋ ಜಾಗ ಅಂತ ಅವಳ ಮನಸ್ಸಿಗೆ ಗಟ್ಟಿಯಾಗಿ ಕೂತಿತ್ತು, ಅದನ್ನ ಕೀಳೋ ಮೆಷಿನ್ ಯಾರ ಹತ್ತಿರವೂ ಇರಲಿಲ್ಲ. ಎರಡು ದಿನ ಸ್ಕೂಟರಿನ ಸದ್ದಿಗೆ ಎದ್ದು ಬಂದು ಅಲ್ಲೇ ನಿಂತಳು. ನಮ್ಮ ಇಷ್ಟೆಲ್ಲ ಧೂಳು, ಗದ್ದಲ ಯಾರಿಗಾಗಿ ಅಂತ ನನಗೆ ಬಹಳ ಬೇಸರವಾಯ್ತು. ನೋಡಿದ್ಯಾ, ನಾನು ಹೇಳಿರಲಿಲ್ವಾ ಅನ್ನೋದಕ್ಕೆ ಎಷ್ಟು ಒಳ್ಳೇ ಸಂದರ್ಭ, ಅದನ್ನೂ ಇವರು ಬಿಟ್ಟುಕೊಟ್ಟರು. ಆಗಲೇ ನನಗೆ ಸ್ವಲ್ಪ ಅನುಮಾನ ಬಂದಿತ್ತು.

ಮೂರನೇ ದಿನ ಸಂಜೆ ನಾನು ಅಡುಗೆಮನೆಯಲ್ಲಿದ್ದೆ. ಸ್ಕೂಟರ್ ನಿಂತ ಸದ್ದು ಕೇಳಿತು, ಬಾಗಿಲು ತೆಗೆದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಬಗ್ಗಿ ನೋಡಿದೆ. ಇವರು ಬ್ಯಾಗು ಪಕ್ಕಕ್ಕಿಟ್ಟು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ, ಪ್ಯಾಸೇಜಿನ ನಡುವೆ ಮಂಡಿ ಊರಿ ಅಂಗೈ ಊರಿ ಅಂಬೆಗಾಲಿಡ್ತಾ ನಾಯಿಯ ಕಡೆ ಬರ್ತಿದ್ದರು. ಎರಡು ಹೆಜ್ಜೆಗೊಮ್ಮೆ ನಿಂತು ಕಲ್ಲಿನ ಮೇಲೆ ಅಂಗೈ ತಟ್ಟಿ ತೋರಿಸೋರು. "ನೋಡಿಲ್ಲಿ. ಜಾರಲ್ಲ. ನೋಡು, ನಾನೂ ಜಾರ್ತಿಲ್ಲ." ನಾಯಿ ಕಿವಿ ನೆಟ್ಟಗೆ ಮಾಡಿ ನೋಡುತ್ತಿತ್ತು. ಇವರು ಅದರ ಎದುರಿಗೆ ಬಂದು ಹಣೆಗೆ ಹಣೆ ತಾಗೋಷ್ಟು ಬಗ್ಗಿದರು. ಆಮೇಲೆ ತೀರಾ ಮೆಲ್ಲಗೆ ಹೇಳಿದರು. "ತಪ್ಪು ನಂದೇ ಕಣೇ. ಹೊಳಪು ನೋಡಿ ಮರುಳಾದೆ. ಅವಳು ಬೇಡ ಅಂದಿದ್ಲು. ಆ ಹಸುನೂ ಬೇಡ ಅಂದಿತ್ತು."

ಹಾಗಂದು ಇವರು ಹಿಮ್ಮುಖವಾಗಿ ಒಂದು ಹೆಜ್ಜೆ ಅಂಬೆಗಾಲಿಟ್ಟರು. ನಾಯಿ ಒಂದು ಮುಂಗಾಲು ಕಲ್ಲಿನ ಮೇಲೆ ಇಟ್ಟಿತು. ತೆಗೆಯಲಿಲ್ಲ. ಇನ್ನೊಂದು ಇಟ್ಟಿತು. ಹಾಗೇ ಇವರು ಹಿಂದಕ್ಕೆ, ಅವಳು ಮುಂದಕ್ಕೆ, ಮುಖಕ್ಕೆ ಮುಖ ಇಟ್ಟುಕೊಂಡು ದೇವರಮನೆ ದಾಟಿ, ಚಪ್ಪಲಿ ಸ್ಟ್ಯಾಂಡಿನವರೆಗೆ ಹೋದರು. ಅಲ್ಲಿ ಅವಳು ಬ್ಯಾಗಿನೊಳಗೆ ಮೂಗು ತೂರಿಸಿದಳು.

ಇಪ್ಪತ್ತಾರು ವರ್ಷದಲ್ಲಿ ಆ ಮಾತು ಇವರ ಬಾಯಿಂದ ಬಂದದ್ದು ಅದೇ ಮೊದಲು. ನನಗೆ ಹೇಳಲಿಲ್ಲ, ನಾಯಿಗೆ ಹೇಳಿದರು. ನನಗೆ ಸಿಟ್ಟು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು. ಇವರು ತಲೆ ಎತ್ತಿ, ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿರೋದು ನೋಡಿ, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಕೂತರು. ಆಮೇಲೆ ನಿಧಾನಕ್ಕೆ ಎದ್ದು ಮಂಡಿಯ ಧೂಳು ಕೊಡವಿದರು.

"ಅಮ್ಮನಿಗೆ ಜಾರುತ್ತೇನೋ ಅಂತ ನೋಡ್ತಿದ್ದೆ" ಅಂದ್ರು.

"ಜಾರುತ್ತಾ?"

"ಇಲ್ಲ" ಅಂದು, ಟಿಫನ್ ಬಾಕ್ಸು ತೆಗೆದು ಅರ್ಧ ಚಪಾತಿ ಅಲ್ಲೇ, ಬಾಗಿಲ ಹತ್ತಿರ, ಅವಳ ಮುಂದೆ ಇಟ್ಟರು.